ಚದುರಂಗದ ಧೀರೆ ವೇರಾ ಮೆಂಚಿಕ್

ಚದುರಂಗವು ಬುದ್ಧಿಯ ಯುದ್ಧ. ಅರವತ್ತನಾಲ್ಕು ಮನೆಗಳ ಆ ಪುಟ್ಟ ರಣಭೂಮಿಯಲ್ಲಿ ರಕ್ತ ಹರಿಯುವುದಿಲ್ಲ, ಆಯುಧಗಳ ಸದ್ದು ಕೇಳಿಸುವುದಿಲ್ಲ. ಎದುರೆದುರು ಕುಳಿತ ಇಬ್ಬರ ಆಲೋಚನೆಗಳೇ ಅಲ್ಲಿ ಸೆಣಸುತ್ತವೆ. ಭಾರತದಲ್ಲಿ ಹುಟ್ಟಿದ ಈ ಆಟವು ಪರ್ಷಿಯಾ ಮತ್ತು ಅರಬ್ ದೇಶಗಳ ಮೂಲಕ ಯೂರೋಪನ್ನು ಸೇರಿ, ಅಲ್ಲಿ ಹೊಸ ನಿಯಮಗಳನ್ನು ಪಡೆದು, ಕೊನೆಗೆ ಇಡೀ ಜಗತ್ತಿನ ಆಟವಾಯಿತು. ನಮ್ಮ ಹಳೆಯ ಆಟದಲ್ಲಿ ರಾಜನ ಪಕ್ಕದಲ್ಲಿ ಮಂತ್ರಿಯಿದ್ದನು. ಯೂರೋಪಿನಲ್ಲಿ ಆ ಸ್ಥಾನಕ್ಕೆ ರಾಣಿ ಬಂದಳು. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಕಾಯಿಗಳಲ್ಲೆಲ್ಲ ರಾಣಿಯೇ ಅತ್ಯಂತ ಬಲಶಾಲಿಯಾದಳು. ಆದರೆ ಹಾಸಿನ ಮೇಲೆ ರಾಣಿಗೆ ದೊರೆತ ಸ್ಥಾನವು ಹಾಸಿನ ಮುಂದೆ ಕುಳಿತು ಆಡಬಯಸಿದ ಹೆಣ್ಣಿಗೆ ಬಹುಕಾಲ ದೊರೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ನಗರಗಳಲ್ಲಿ ಚದುರಂಗದ ಸಂಘಗಳು ಬೆಳೆದವು. ಕಾಫಿಗೃಹಗಳಲ್ಲಿ, ಹೊಗೆ ತುಂಬಿದ ಕೊಠಡಿಗಳಲ್ಲಿ ಗಂಡಸರು ತಡರಾತ್ರಿಯವರೆಗೂ ಕುಳಿತು ಆಡುತ್ತಿದ್ದರು. ಅಂತಹ ಸ್ಥಳಗಳಿಗೆ ಕಾಲಿಡುವುದು ಮರ್ಯಾದಸ್ಥ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಸಮಾಜವು ಭಾವಿಸಿತ್ತು. ಹಲವು ಸಂಘಗಳು ಮಹಿಳೆಯರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ೧೮೯೫ರಲ್ಲಿ ಲಂಡನ್ನಿನ ಮಹಿಳೆಯರು ತಮ್ಮದೇ ಆದ ಚದುರಂಗ ಸಂಘವೊಂದನ್ನು ಕಟ್ಟಿಕೊಂಡರು. ೧೮೯೭ರಲ್ಲಿ ಅದೇ ನಗರದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ನಡೆಯಿತು. ಆದರೂ ದೊಡ್ಡ ಆಟಗಾರರ ಪಂದ್ಯಾವಳಿಗಳು ಪುರುಷರ ಸ್ವತ್ತಾಗಿಯೇ ಉಳಿದವು. ಬಲ್ಲವರೊಡನೆ ಆಡಿದಲ್ಲದೆ ಆಟವು ಬೆಳೆಯದು. ಬಲ್ಲವರ ಎದುರು ಕುಳಿತುಕೊಳ್ಳುವ ಅವಕಾಶವನ್ನೇ ಕೊಡದೆ, ಈ ಆಟಕ್ಕೆ ಬೇಕಾದ ಬುದ್ಧಿ ಹೆಣ್ಣಿಗಿಲ್ಲವೆಂದು ಹೇಳುವುದು ಅಂದಿನವರಿಗೆ ಸುಲಭವಾಗಿತ್ತು. ಆ ಮಾತಿಗೆ ಹಾಸಿನ ಮುಂದೆಯೇ ಉತ್ತರ ಕೊಟ್ಟವಳು ವೇರಾ ಮೆಂಚಿಕ್.

ವೇರಾ ಹುಟ್ಟಿದ್ದು ೧೯೦೬ರ ಫೆಬ್ರವರಿ ೧೬ರಂದು, ರಷ್ಯಾದ ಮಾಸ್ಕೋ ನಗರದಲ್ಲಿ. ತಂದೆ ಫ್ರಾಂಟಿಷೆಕ್ ಮೆಂಚಿಕ್ ಬೊಹೀಮಿಯಾದಿಂದ ಬಂದ ಚೆಕ್ ಜನಾಂಗದವನು. ರಷ್ಯಾದ ಶ್ರೀಮಂತರ ಜಮೀನುಗಳ ಮೇಲ್ವಿಚಾರಣೆ ಅವನ ಉದ್ಯೋಗ. ಸ್ವಂತದ್ದೊಂದು ಗಿರಣಿಯೂ ಇತ್ತು. ತಾಯಿ ಓಲ್ಗಾ ಇಂಗ್ಲಿಷ್ ಮನೆತನದವಳು. ಸಿರಿವಂತರ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುತ್ತಿದ್ದಳು. ವೇರಾಳಿಗೆ ಎರಡು ವರ್ಷಗಳ ಅನಂತರ ತಂಗಿಯೊಬ್ಬಳು ಹುಟ್ಟಿದಳು. ಅವಳಿಗೂ ತಾಯಿಯ ಹೆಸರನ್ನೇ ಇಟ್ಟರು. ಅಕ್ಕತಂಗಿಯರು ಉಣ್ಣಲು ಉಡಲು ಕೊರತೆಯಿಲ್ಲದ ದೊಡ್ಡ ಮನೆಯಲ್ಲಿ ಬೆಳೆದರು. ವೇರಾಳಿಗೆ ಒಂಬತ್ತು ವರ್ಷಗಳಾದಾಗ ತಂದೆಯು ಅವಳಿಗೆ ಚದುರಂಗದ ಹಾಸನ್ನೂ ಕಾಯಿಗಳನ್ನೂ ತಂದುಕೊಟ್ಟು, ಆಟದ ನಿಯಮಗಳನ್ನು ಕಲಿಸಿದನು. ಆ ಕಾಣಿಕೆಯೇ ಮುಂದೆ ಮಗಳ ಬದುಕಾಗುವುದೆಂದು ಆಗ ಯಾರೂ ಎಣಿಸಿರಲಿಲ್ಲ.

೧೯೧೭ರಲ್ಲಿ ರಷ್ಯಾದಲ್ಲಿ ಮಹಾಕ್ರಾಂತಿ ನಡೆಯಿತು. ಚಕ್ರವರ್ತಿಯ ಆಳ್ವಿಕೆ ಉರುಳಿತು. ಅದರೊಡನೆ ಮೆಂಚಿಕ್ ಕುಟುಂಬದ ಸುಖದ ದಿನಗಳೂ ಮುಗಿದವು. ಮೊದಲು ಗಿರಣಿ ಕೈಬಿಟ್ಟಿತು; ಕೆಲಕಾಲದ ಮೇಲೆ ಮನೆಯೂ ಹೋಯಿತು. ಶಾಲೆಗಳಲ್ಲಿ ದೀಪಕ್ಕೂ ಬೆಚ್ಚನೆಯ ಒಲೆಗೂ ಗತಿಯಿಲ್ಲದ ಚಳಿಗಾಲಗಳು ಬಂದವು. ಅಂತಹ ಕಷ್ಟದ ನಡುವೆಯೂ ಶಾಲೆಯ ಸಂಘದವರು ಚದುರಂಗದ ಪಂದ್ಯಾವಳಿಯೊಂದನ್ನು ಏರ್ಪಡಿಸಿದರು. ವೇರಾ ಅದರಲ್ಲಿ ಭಾಗವಹಿಸಿ ಎರಡನೆಯ ಸ್ಥಾನವನ್ನು ಪಡೆದಳು. ಬಾಲಕಿಯ ಮನಸ್ಸು ಆಟದಲ್ಲಿ ನೆಟ್ಟದ್ದು ಆಗಲೇ.

ಸಿರಿತನದೊಡನೆ ಸಂಸಾರವೂ ಒಡೆಯಿತು. ೧೯೨೧ರಲ್ಲಿ ಕುಟುಂಬವು ರಷ್ಯಾವನ್ನು ಬಿಟ್ಟಿತು. ತಂದೆ ಬೊಹೀಮಿಯಾಕ್ಕೆ ಮರಳಿದನು. ತಾಯಿ ಇಬ್ಬರು ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಬಂದು, ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಎಂಬ ಪಟ್ಟಣದಲ್ಲಿ ತನ್ನ ತಾಯಿಯ ಆಶ್ರಯ ಪಡೆದಳು. ಹದಿನೈದು ವರ್ಷದ ವೇರಾಳಿಗೆ ಎಲ್ಲವೂ ಹೊಸದು. ಹುಟ್ಟಿದ ಊರು ದೂರವಾಗಿತ್ತು, ತಂದೆ ಬೇರೊಂದು ದೇಶದಲ್ಲಿದ್ದನು. ಅವಳು ಚೆನ್ನಾಗಿ ಬಲ್ಲ ಭಾಷೆ ರಷ್ಯನ್ ಒಂದೇ. ಸುತ್ತಲಿನವರು ಆಡುವ ಇಂಗ್ಲಿಷ್ ಅವಳ ನಾಲಗೆಗೆ ಹೊಂದಿರಲಿಲ್ಲ. ಮಾತು ಬಾರದ ಊರಿನಲ್ಲಿ ಗೆಳತಿಯರು ದೊರೆಯುವುದಾದರೂ ಹೇಗೆ?

ಹೇಸ್ಟಿಂಗ್ಸ್ ಚದುರಂಗಕ್ಕೆ ಹೆಸರಾದ ಊರು. ೧೮೯೫ರಲ್ಲಿ ಅಲ್ಲಿ ನಡೆದ ಪಂದ್ಯಾವಳಿಗೆ ಜಗತ್ತಿನ ಶ್ರೇಷ್ಠ ಆಟಗಾರರೆಲ್ಲ ಬಂದಿದ್ದರು. ಮುಂದೆ ಕ್ರಿಸ್ಮಸ್ ರಜೆಯಲ್ಲಿ ಪ್ರತಿವರ್ಷ ಪಂದ್ಯಾವಳಿ ನಡೆಸುವ ಸಂಪ್ರದಾಯವೂ ಅಲ್ಲಿ ಬೆಳೆಯಿತು. ಊರಿನಲ್ಲಿ ಒಳ್ಳೆಯ ಸಂಘವೂ ಇತ್ತು. ಆದರೆ ಭಾಷೆ ಬಾರದ ಸಂಕೋಚದಿಂದ ವೇರಾ ಅದರ ಬಾಗಿಲನ್ನು ತಟ್ಟಲು ಒಂದೂವರೆ ವರ್ಷ ಹಿಂಜರಿದಳು. ಕೊನೆಗೆ ೧೯೨೩ರ ವಸಂತಕಾಲದಲ್ಲಿ ಧೈರ್ಯ ತಂದುಕೊಂಡು ಒಳಗೆ ಹೋದಳು. ಚದುರಂಗವು ಮೌನದ ಆಟ; ಅಲ್ಲಿ ಕಾಯಿಗಳೇ ಮಾತನಾಡುತ್ತವೆ. ಪರದೇಶದ ಈ ಮೌನಿ ಹುಡುಗಿಗೆ ಹಾಸಿನ ಮುಂದೆ ಯಾರೂ ಪರಕೀಯರಾಗಿ ಕಾಣಲಿಲ್ಲ.

ಸಂಘದಲ್ಲಿ ಅವಳಿಗೆ ಮೊದಲು ಪಾಠ ಹೇಳಿದವನು ಜಾನ್ ಡ್ರೂಯಿಟ್ ಎಂಬ ಆಟಗಾರ. ಅನಂತರ ಅವಳ ಭಾಗ್ಯದಿಂದ ಗೇಝಾ ಮಾರೊಟ್ಸಿ ಗುರುವಾಗಿ ದೊರೆತನು. ಹಂಗೆರಿ ದೇಶದ ಮಾರೊಟ್ಸಿ ಒಂದು ಕಾಲದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬನೆನಿಸಿದ್ದವನು. ಅವಸರದ ದಾಳಿಗಿಂತ ಭದ್ರವಾದ ನೆಲೆಯೇ ಮೇಲೆಂಬುದು ಅವನ ಆಟದ ಸಾರ. ಶಿಷ್ಯೆಯ ಶಾಂತ ಸ್ವಭಾವಕ್ಕೆ ಈ ಪಾಠವು ಹೇಳಿಮಾಡಿಸಿದಂತೆ ಹೊಂದಿತು. ತನ್ನ ಕೋಟೆಯನ್ನು ಮೊದಲು ಭದ್ರಪಡಿಸಿಕೊಳ್ಳುವುದು, ಎದುರಾಳಿಯ ಸಣ್ಣ ತಪ್ಪಿಗಾಗಿ ತಾಳ್ಮೆಯಿಂದ ಕಾಯುವುದು, ತಪ್ಪು ಕಂಡೊಡನೆ ಅದನ್ನು ಬಿಗಿಯಾಗಿ ಹಿಡಿದು ಕೊನೆಯವರೆಗೂ ಬಿಡದಿರುವುದು, ಇದು ವೇರಾಳ ರೀತಿಯಾಯಿತು. ಆಡುವಾಗ ಅವಳ ಮುಖದಲ್ಲಿ ಗೆಲುವಿನ ಹಿಗ್ಗಾಗಲಿ ಸೋಲಿನ ಕಳವಳವಾಗಲಿ ಕಾಣುತ್ತಿರಲಿಲ್ಲ.

ಬೆಳವಣಿಗೆ ಬೇಗನೆ ಕಾಣಿಸಿತು. ೧೯೨೫ರಲ್ಲಿ ಅವಳು ಬ್ರಿಟನ್ನಿನ ಹೆಸರಾಂತ ಆಟಗಾರ್ತಿ ಈಡಿತ್ ಪ್ರೈಸಳೊಡನೆ ಎರಡು ಸರಣಿಗಳನ್ನು ಆಡಿ, ಎರಡರಲ್ಲಿಯೂ ಗೆದ್ದಳು. ವೇರಾ ಬ್ರಿಟನ್ನಿನ ಪ್ರಜೆಯಾಗಿರದ ಕಾರಣ ಆ ದೇಶದ ಮಹಿಳಾ ಚಾಂಪಿಯನ್ ಪದವಿಗೆ ಸ್ಪರ್ಧಿಸುವಂತಿರಲಿಲ್ಲ. ಆದರೂ ಅಲ್ಲಿನ ಮಹಿಳೆಯರಲ್ಲಿ ಯಾರು ಶ್ರೇಷ್ಠಳೆಂಬುದು ಎಲ್ಲರಿಗೂ ತಿಳಿಯಿತು.

ಚದುರಂಗದ ವಿಶ್ವಸಂಸ್ಥೆಯು ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾಗಿತ್ತು. ಅದು ೧೯೨೭ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಒಲಿಂಪಿಯಾಡನ್ನು ನಡೆಸಿದಾಗ, ಅದರೊಡನೆ ಮಹಿಳೆಯರ ವಿಶ್ವಚಾಂಪಿಯನ್ ಪದವಿಗಾಗಿಯೂ ಪಂದ್ಯಾವಳಿಯನ್ನು ಏರ್ಪಡಿಸಿತು. ಹನ್ನೆರಡು ಮಂದಿ ಆಟಗಾರ್ತಿಯರು ಅದರಲ್ಲಿ ಸೇರಿದರು. ಚದುರಂಗದಲ್ಲಿ ಗೆಲುವಿಗೆ ಒಂದು ಅಂಕ, ಆಟ ಸಮವಾದರೆ ಇಬ್ಬರಿಗೂ ಅರ್ಧ ಅಂಕ. ಇಪ್ಪತ್ತೊಂದು ವರ್ಷದ ವೇರಾ ಹನ್ನೊಂದು ಆಟಗಳಲ್ಲಿ ಹತ್ತನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು, ಹತ್ತೂವರೆ ಅಂಕಗಳೊಡನೆ ಜಗತ್ತಿನ ಮೊದಲ ಮಹಿಳಾ ಚಾಂಪಿಯನ್ ಆದಳು. ಹೇಸ್ಟಿಂಗ್ಸಿನ ಸಂಘದ ಬಾಗಿಲ ಮುಂದೆ ಹಿಂಜರಿದು ನಿಂತಿದ್ದ ಹುಡುಗಿ ನಾಲ್ಕೇ ವರ್ಷಗಳಲ್ಲಿ ಈ ಎತ್ತರವನ್ನು ಮುಟ್ಟಿದ್ದಳು.

ಇಲ್ಲಿಗೇ ತೃಪ್ತಿಪಟ್ಟಿದ್ದರೆ ವೇರಾಳ ಜೀವನವು ಸುಖವಾಗಿ ಸಾಗುತ್ತಿತ್ತು. ಮಹಿಳೆಯರಲ್ಲಿ ಅವಳಿಗೆ ಸರಿಸಾಟಿಯಾದವರು ಇರಲಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಆಡಿ, ಗೆದ್ದು, ಕೀರ್ತಿಯನ್ನು ಕಾಪಾಡಿಕೊಂಡಿದ್ದರೆ ಸಾಕಾಗಿತ್ತು. ಆದರೆ ಸುಲಭವಾಗಿ ದೊರೆಯುವ ಗೆಲುವು ಆಟಗಾರನಿಗೆ ಏನನ್ನೂ ಕಲಿಸುವುದಿಲ್ಲ. ತನಗಿಂತ ಬಲಶಾಲಿಗಳಾದವರೊಡನೆ ಆಡಬೇಕು, ಅವರಿಂದ ಸೋತಾದರೂ ಕಲಿಯಬೇಕು ಎಂದು ವೇರಾ ನಿಶ್ಚಯಿಸಿದಳು. ವಿಶ್ವದ ಕಿರೀಟವನ್ನು ಧರಿಸಿದವಳು, ಸೋಲು ಖಚಿತವಾಗಿ ಕಾದಿರುವ ಕಡೆಗೆ ತಾನಾಗಿ ನಡೆದುಹೋದಳು. ಅವಳ ಹಿರಿಮೆಯಿರುವುದು ಈ ನಿರ್ಧಾರದಲ್ಲಿ.

೧೯೨೯ರಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ನಡೆದ ಪಂದ್ಯಾವಳಿಯಲ್ಲಿ ಹೊರದೇಶದ ಏಳು ಮಂದಿ ನಿಪುಣರು ಬ್ರಿಟನ್ನಿನ ಏಳು ಮಂದಿಯನ್ನು ಎದುರಿಸಿದರು. ಹೊರದೇಶದವರ ಪಡೆಯಲ್ಲಿ ಮಾಜಿ ವಿಶ್ವಚಾಂಪಿಯನ್ ಕಾಪಾಬ್ಲಾಂಕ, ಪೋಲೆಂಡಿನ ಮಹಾ ಆಟಗಾರ ರುಬಿನ್‌ಸ್ಟೈನ್ ಮತ್ತು ವೇರಾಳ ಗುರು ಮಾರೊಟ್ಸಿ ಇದ್ದರು, ವೇರಾಳೂ ಇದ್ದಳು. ಏಳು ಆಟಗಳು ಮುಗಿದಾಗ ಕಾಪಾಬ್ಲಾಂಕ ಐದೂವರೆ ಅಂಕಗಳೊಡನೆ ಮೊದಲಿಗನಾದನು. ಐದು ಅಂಕಗಳನ್ನು ಪಡೆದು ಎರಡನೆಯ ಸ್ಥಾನವನ್ನು ಹಂಚಿಕೊಂಡವರು ರುಬಿನ್‌ಸ್ಟೈನ್ ಮತ್ತು ವೇರಾ. ಅವಳು ಒಂದು ಆಟವನ್ನೂ ಸೋತಿರಲಿಲ್ಲ. ಗುರುವು ಶಿಷ್ಯೆಯ ಹಿಂದೆ ಉಳಿದಿದ್ದನು. ಶಿಷ್ಯರಿಂದ ಸೋಲುವುದನ್ನು ಬಯಸಬೇಕೆಂದು ನಮ್ಮ ಹಿರಿಯರು ಗುರುಗಳಿಗೆ ಹೇಳಿದ್ದುಂಟು. ಮಾರೊಟ್ಸಿಗೆ ಆ ಭಾಗ್ಯ ದೊರೆಯಿತು.

ಅದೇ ವರ್ಷದ ಬೇಸಗೆಯ ಕೊನೆಯಲ್ಲಿ ಚೆಕೊಸ್ಲೊವಾಕಿಯಾದ ಕಾರ್ಲ್ಸ್‌ಬಾದ್ ನಗರದಲ್ಲಿ ಬಹು ದೊಡ್ಡ ಪಂದ್ಯಾವಳಿ ನಡೆಯಿತು. ಜಗತ್ತಿನ ಇಪ್ಪತ್ತೆರಡು ಮಂದಿ ಆಟಗಾರರು ಅಲ್ಲಿ ಕಲೆತರು. ಅವರಲ್ಲಿ ವೇರಾ ಒಬ್ಬಳೇ ಹೆಂಗಸು. ಒಬ್ಬ ಹೆಣ್ಣುಮಗಳನ್ನು ಇಂತಹ ಪಂದ್ಯಾವಳಿಗೆ ಕರೆದದ್ದು ಕೆಲವರಿಗೆ ನಗೆಯ ವಿಷಯವಾಯಿತು. ವಿಯೆನ್ನಾದ ಆಲ್ಬರ್ಟ್ ಬೆಕರ್ ಎಂಬ ಆಟಗಾರನು ಒಂದು ಪರಿಹಾಸ್ಯವನ್ನು ಹೂಡಿದನು. ವೇರಾಳಿಂದ ಸೋತವರಿಗಾಗಿ ಅವಳ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಬೇಕು. ಸೋತವನು ಅದರ ಸದಸ್ಯನಾಗಬೇಕು ಎಂಬುದು ಅವನ ಸಲಹೆ. ಎಲ್ಲರೂ ನಕ್ಕರು. ಕೆಲವೇ ದಿನಗಳಲ್ಲಿ ಬೆಕರನ ಸರದಿ ಬಂದಿತು. ವೇರಾ ಎಂದಿನಂತೆ ಮೌನವಾಗಿ ಕುಳಿತು ಆಡಿದಳು. ಬೆಕರ್ ಸೋತನು. ತಾನು ಹಾಸ್ಯಕ್ಕಾಗಿ ಹುಟ್ಟಿಸಿದ ಸಂಘಕ್ಕೆ ಅವನೇ ಮೊದಲ ಸದಸ್ಯನಾದನು.

ಆದರೆ ಕಾರ್ಲ್ಸ್‌ಬಾದಿನ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಆ ಪಂದ್ಯಾವಳಿಯಲ್ಲಿ ವೇರಾ ಇಪ್ಪತ್ತೊಂದು ಆಟಗಳನ್ನು ಆಡಿದಳು. ಬೆಕರನನ್ನೂ ಜರ್ಮನಿಯ ಜೇಮಿಷನನ್ನೂ ಸೋಲಿಸಿದಳು; ಎರಡು ಆಟಗಳು ಸಮವಾದವು; ಉಳಿದ ಹದಿನೇಳರಲ್ಲಿ ಅವಳು ಸೋತಳು. ಅವಳಿಗೆ ದೊರೆತದ್ದು ಮೂರೇ ಅಂಕ. ಅವಳ ಸ್ಥಾನ ಕಟ್ಟಕಡೆಯದು. ಸುಮಾರು ಒಂದು ತಿಂಗಳ ಕಾಲ, ಮತ್ತೆ ಮತ್ತೆ ಸೋಲುತ್ತ, ಪ್ರತಿದಿನವೂ ಅದೇ ಶಾಂತಚಿತ್ತದಿಂದ ಹಾಸಿನ ಮುಂದೆ ಬಂದು ಕುಳಿತುಕೊಳ್ಳುವುದು ಸಾಮಾನ್ಯರಿಂದ ಆಗುವ ಮಾತಲ್ಲ. ಅವಳ ಸೋಲು ಅವಳೊಬ್ಬಳದಾಗಿರಲಿಲ್ಲ. ನೋಡುವವರು ಅದನ್ನು ಹೆಣ್ಣುಜಾತಿಯ ಸೋಲೆಂದೇ ಎಣಿಸುತ್ತಿದ್ದರು. ಹದಿನೇಳು ಸೋಲುಗಳ ಭಾರದೊಡನೆ ಈ ಭಾರವನ್ನೂ ಹೊತ್ತು ಅವಳು ಮುಂದಿನ ಪಂದ್ಯಾವಳಿಗೆ ಸಿದ್ಧಳಾದಳು.

ತಾಳ್ಮೆಗೆ ಫಲವಿಲ್ಲದೆ ಹೋಗಲಿಲ್ಲ. ಬೆಕರನ ಸಂಘವು ವರ್ಷವರ್ಷಕ್ಕೂ ಬೆಳೆಯುತ್ತ ಹೋಯಿತು. ಹಾಲೆಂಡಿನ ಮ್ಯಾಕ್ಸ್ ಯೂವೆ ೧೯೩೦-೩೧ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮೊದಲಿಗನಾಗಿ ನಿಂತನು. ಆದರೆ ಅದೇ ಪಂದ್ಯಾವಳಿಯಲ್ಲಿ ಅವನು ವೇರಾಳಿಂದ ಸೋತಿದ್ದನು. ಮರುವರ್ಷ ಅದೇ ಊರಿನಲ್ಲಿ ಮತ್ತೊಮ್ಮೆ ಸೋತನು. ಈ ಯೂವೆಯೇ ೧೯೩೫ರಲ್ಲಿ ವಿಶ್ವಚಾಂಪಿಯನ್ ಆದವನು. ಅಮೆರಿಕದ ರೆಶೆವ್‌ಸ್ಕಿ, ಇಂಗ್ಲೆಂಡಿನ ಸರ್ ಜಾರ್ಜ್ ಥಾಮಸ್, ಬೆಲ್ಜಿಯಂನ ಕೋಲ್, ಹಂಗೆರಿಯ ಲಾಯೋಶ್ ಸ್ಟೈನರ್ ಮೊದಲಾದ ಹೆಸರಾಂತ ಆಟಗಾರರೂ ಅವಳಿಂದ ಸೋಲನ್ನುಂಡರು. ಪರಿಹಾಸ್ಯದ ಸಂಘವು ದಿಗ್ಗಜರ ಸಂಘವಾಯಿತು.

ಆ ಸಂಘದಲ್ಲಿ ಭಾರತೀಯನೊಬ್ಬನೂ ಇದ್ದನು. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಮೀರ್ ಸುಲ್ತಾನ್ ಖಾನ್ ತನ್ನ ಒಡೆಯನಾದ ಸರ್ ಉಮರ್ ಹಯಾತ್ ಖಾನನೊಡನೆ ೧೯೨೯ರಲ್ಲಿ ಲಂಡನ್ನಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದನು. ೧೯೩೨ ಮತ್ತು ೧೯೩೩ರಲ್ಲಿ ಮತ್ತೆರಡು ಬಾರಿ ಆ ಪದವಿ ಅವನದಾಯಿತು. ಕಾಪಾಬ್ಲಾಂಕನಂತಹ ವೀರನನ್ನು ಸೋಲಿಸಿದ ಸುಲ್ತಾನ್ ಖಾನ್ ೧೯೩೧-೩೨ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ವೇರಾಳಿಗೆ ಮಣಿದನು. ಒಬ್ಬನು ಪರಾಧೀನ ದೇಶದಿಂದ ಬಂದ ಸೇವಕ, ಮತ್ತೊಬ್ಬಳು ನೆಲೆ ತಪ್ಪಿ ಬಂದ ಹೆಣ್ಣುಮಗಳು. ಹೊರಗಿನ ಜಗತ್ತು ಇಬ್ಬರನ್ನೂ ಹಿಂದಿನ ಸಾಲಿನಲ್ಲಿಟ್ಟಿತ್ತು. ಹಾಸಿನ ಮುಂದೆ ಅವರು ಮೊದಲ ಸಾಲಿನವರಾಗಿದ್ದರು. ಅದೇ ಉಮರ್ ಹಯಾತ್ ಖಾನನ ಮನೆಯಲ್ಲಿ ಸೇವೆ ಮಾಡುತ್ತಿದ್ದ ಫಾತಿಮಾ ಎಂಬ ತರುಣಿ ೧೯೩೩ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳೆಂಬುದೂ ನೆನೆಯತಕ್ಕ ಸಂಗತಿ. ಅವಕಾಶ ದೊರೆತ ಕಡೆ ಪ್ರತಿಭೆಯು ಜಾತಿ, ದೇಶ, ಲಿಂಗಗಳನ್ನು ಕೇಳದೆ ಅರಳುತ್ತದೆ.

೧೯೩೪ರಲ್ಲಿ ಯುಗೊಸ್ಲಾವಿಯಾದ ಮಾರಿಬೋರ್ ನಗರದಲ್ಲಿ ವೇರಾ ಮೂರನೆಯ ಸ್ಥಾನವನ್ನು ಗಳಿಸಿದಳು. ಹೆಸರಾಂತ ಆಟಗಾರ ಸ್ಪೀಲ್‌ಮನ್ ಅಲ್ಲಿ ಅವಳಿಗಿಂತ ಹಿಂದುಳಿದನು. ಹೀಗೆಂದು ಅವಳ ದಾರಿ ಏರುತ್ತಲೇ ಹೋಯಿತೆಂದು ತಿಳಿಯಬಾರದು. ಕಾಪಾಬ್ಲಾಂಕ ಮತ್ತು ಅಲೆಖೀನ್ ಎಂಬ ಇಬ್ಬರು ವಿಶ್ವಚಾಂಪಿಯನ್ನರನ್ನು ಅವಳು ಹಲವು ಬಾರಿ ಎದುರಿಸಿದರೂ ಒಮ್ಮೆಯೂ ಗೆಲ್ಲಲಾಗಲಿಲ್ಲ. ೧೯೩೫ರಲ್ಲಿ ಹುಟ್ಟೂರಾದ ಮಾಸ್ಕೋದಲ್ಲಿ ಇಪ್ಪತ್ತು ಮಂದಿಯ ಮಹಾ ಪಂದ್ಯಾವಳಿ ನಡೆದಾಗ ಅವಳು ಮತ್ತೆ ಕೊನೆಯವಳಾದಳು. ಆದರೂ ಆ ಪಂದ್ಯಾವಳಿಯಲ್ಲಿ ಮೊದಲ ಸ್ಥಾನವನ್ನು ಬೊಟ್ವಿನ್ನಿಕನೊಡನೆ ಹಂಚಿಕೊಂಡ ಫ್ಲೋರನು ವೇರಾಳ ಕೋಟೆಯನ್ನು ಭೇದಿಸಲಾರದೆ ಅರ್ಧ ಅಂಕಕ್ಕೆ ತೃಪ್ತನಾಗಬೇಕಾಯಿತು. ಆ ಇನ್ನರ್ಧ ಅಂಕ ದೊರೆತಿದ್ದರೆ ಮೊದಲ ಸ್ಥಾನ ಅವನೊಬ್ಬನದೇ ಆಗುತ್ತಿತ್ತು. ಕೊನೆಯ ಸ್ಥಾನದಲ್ಲಿದ್ದವಳು ಮೊದಲ ಸ್ಥಾನವನ್ನು ನಿರ್ಣಯಿಸಿದ್ದಳು.

ಪುರುಷರೊಡನೆ ಸೋತು ಗೆದ್ದು ಪಡೆದ ಅನುಭವವು ಮಹಿಳೆಯರ ಪಂದ್ಯಾವಳಿಗಳಲ್ಲಿ ಅವಳನ್ನು ಅಜೇಯಳನ್ನಾಗಿ ಮಾಡಿತು. ೧೯೩೦ರಲ್ಲಿ ಹ್ಯಾಂಬರ್ಗ್, ೧೯೩೧ರಲ್ಲಿ ಪ್ರೇಗ್, ೧೯೩೩ರಲ್ಲಿ ಫೋಕ್‌ಸ್ಟನ್, ೧೯೩೫ರಲ್ಲಿ ವಾರ್ಸಾ, ೧೯೩೭ರಲ್ಲಿ ಸ್ಟಾಕ್‌ಹೋಮ್, ಹೀಗೆ ನಡೆದ ಕಡೆಯಲ್ಲೆಲ್ಲ ವಿಶ್ವಚಾಂಪಿಯನ್ ಪದವಿ ಅವಳದೇ ಆಯಿತು. ಪ್ರೇಗಿನಿಂದ ಸ್ಟಾಕ್‌ಹೋಮಿನವರೆಗಿನ ನಾಲ್ಕು ಪಂದ್ಯಾವಳಿಗಳಲ್ಲಿ ಅವಳು ನಲವತ್ತೈದು ಆಟಗಳನ್ನು ಆಡಿ, ನಲವತ್ತೈದನ್ನೂ ಗೆದ್ದಳು. ಒಂದನ್ನಾದರೂ ಸಮ ಮಾಡಿಕೊಳ್ಳಲು ಯಾರಿಂದಲೂ ಆಗಲಿಲ್ಲ.

ಆ ಕಾಲದಲ್ಲಿ ಅವಳಿಗೆ ನಿಜವಾದ ಪ್ರತಿಸ್ಪರ್ಧಿಯೆನಿಸಿದವಳು ಜರ್ಮನಿಯ ಸೋನ್ಯಾ ಗ್ರಾಫ್. ವೇರಾ ತಾಳ್ಮೆಯ ಮೂರ್ತಿಯಾದರೆ ಸೋನ್ಯಾ ಸಾಹಸದ ದಾಳಿಗೆ ಹೆಸರಾದವಳು. ೧೯೩೭ರಲ್ಲಿ ಆಸ್ಟ್ರಿಯಾದ ಸೆಮ್ಮರಿಂಗ್‌ನಲ್ಲಿ ಇಬ್ಬರೂ ವಿಶ್ವ ಪದವಿಗಾಗಿ ಹದಿನಾರು ಆಟಗಳ ಸರಣಿಯನ್ನು ಆಡಿದರು. ವೇರಾ ಒಂಬತ್ತನ್ನು ಗೆದ್ದಳು, ಎರಡನ್ನು ಸೋತಳು, ಐದು ಸಮವಾದವು. ಎರಡು ವರ್ಷಗಳ ಅನಂತರ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಅವರಿಬ್ಬರೂ ಮತ್ತೆ ಎದುರಾದರು. ಹಿಟ್ಲರನ ಆಳ್ವಿಕೆಯನ್ನು ವಿರೋಧಿಸಿದ್ದ ಸೋನ್ಯಾ ಅಲ್ಲಿ ಯಾವ ದೇಶದ ಬಾವುಟವೂ ಇಲ್ಲದೆ ಆಡಿದಳು. ಇಂಗ್ಲೆಂಡಿನ ಪ್ರಜೆಯಾಗಿದ್ದ ವೇರಾ ಆ ದೇಶದ ಪರವಾಗಿ ಆಡಿದಳು. ಅವರಿಬ್ಬರ ಆಟದಲ್ಲಿ ಸೋನ್ಯಾಳಿಗೆ ಗೆಲುವಿನ ಸ್ಥಿತಿ ಒದಗಿತ್ತು. ವೇರಾ ಎದೆಗುಂದದೆ ಕಾದು ಕುಳಿತಳು, ಸೋನ್ಯಾ ಕೊನೆಯಲ್ಲಿ ಎಡವಿದಳು, ಆಟ ವೇರಾಳದಾಯಿತು. ಹತ್ತೊಂಬತ್ತು ಆಟಗಳಲ್ಲಿ ಹದಿನೇಳನ್ನು ಗೆದ್ದು ಎರಡನ್ನು ಸಮ ಮಾಡಿಕೊಂಡು ಅವಳು ಏಳನೆಯ ಬಾರಿ ಪಂದ್ಯಾವಳಿಯನ್ನು ಗೆದ್ದಳು. ಏಳು ಪಂದ್ಯಾವಳಿಗಳ ಒಟ್ಟು ಎಂಬತ್ತಮೂರು ಆಟಗಳಲ್ಲಿ ಅವಳ ಗೆಲುವು ೭೮, ಸಮ ೪, ಸೋಲು ಒಂದೇ ಒಂದು.

ಬ್ಯೂನಸ್ ಐರಿಸ್ಸಿನಲ್ಲಿ ಆಟಗಳು ನಡೆಯುತ್ತಿದ್ದಾಗಲೇ, ೧೯೩೯ರ ಸೆಪ್ಟೆಂಬರ್ ೧ರಂದು, ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಹಲವು ಆಟಗಾರರು ಮರಳಿ ಹೋಗದೆ ಅರ್ಜೆಂಟೀನಾದಲ್ಲಿಯೇ ಉಳಿದುಕೊಂಡರು, ಸೋನ್ಯಾಳೂ ಉಳಿದಳು. ವೇರಾಳ ಮನೆಯವರೆಲ್ಲ ಇಂಗ್ಲೆಂಡಿನಲ್ಲಿದ್ದರು. ಅವಳು ಯುದ್ಧದ ನಾಡಿಗೆ ಹಿಂದಿರುಗಿದಳು.

ವೇರಾ ೧೯೩೭ರಲ್ಲಿ ಸ್ಟೀವನ್ಸನ್ ಎಂಬವನನ್ನು ಮದುವೆಯಾಗಿದ್ದಳು. ಅವಳಿಗಿಂತ ಬಹಳ ಹಿರಿಯನಾದ ಅವನು ಬ್ರಿಟಿಷ್ ಚದುರಂಗ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದವನು. ದಾಂಪತ್ಯವು ಆಟದ ಪ್ರೀತಿಯಿಂದ ಬೆಸೆದಿತ್ತು. ಲಂಡನ್ನಿನಲ್ಲಿ ೧೯೩೯ರಲ್ಲಿ ಆರಂಭವಾದ ರಾಷ್ಟ್ರೀಯ ಚದುರಂಗ ಕೇಂದ್ರದ ಆಡಳಿತವನ್ನು ವೇರಾ ವಹಿಸಿಕೊಂಡಳು. ಆದರೆ ೧೯೪೦ರಲ್ಲಿ ಜರ್ಮನ್ ವಿಮಾನಗಳು ಸುರಿದ ಬಾಂಬುಗಳಿಗೆ ಆ ಕೇಂದ್ರವು ಬಲಿಯಾಯಿತು. ಅವಳು ಆಟವನ್ನು ಬಿಡಲಿಲ್ಲ. ೧೯೪೨ರಲ್ಲಿ, ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ವೃದ್ಧ ನಿಪುಣ ಮೀಸೆಸನೊಡನೆ ಹತ್ತು ಆಟಗಳ ಸರಣಿಯನ್ನು ಆಡಿ ಗೆದ್ದಳು. ೧೯೪೩ರಲ್ಲಿ ಗಂಡನು ತೀರಿಕೊಂಡನು. ವೇರಾ ತಾಯಿ ಮತ್ತು ತಂಗಿಯೊಡನೆ ದಕ್ಷಿಣ ಲಂಡನ್ನಿನ ಕ್ಲಾಪಮ್ ಬಡಾವಣೆಯಲ್ಲಿ ವಾಸಿಸತೊಡಗಿದಳು. ತಂಗಿ ಓಲ್ಗಾಳೂ ವಿಶ್ವಚಾಂಪಿಯನ್ ಪಂದ್ಯಾವಳಿಯಲ್ಲಿ ಆಡಿದ ಜಾಣೆ.

೧೯೪೪ರ ಜೂನ್ ತಿಂಗಳಲ್ಲಿ ಜರ್ಮನಿಯು ಲಂಡನ್ನಿನ ಮೇಲೆ ಹೊಸದೊಂದು ಆಯುಧವನ್ನು ಬಿಟ್ಟಿತು. ಚಾಲಕನಿಲ್ಲದೆ ತಾನಾಗಿ ಹಾರಿಬಂದು ಸಿಡಿಯುವ ಬಾಂಬು ಅದು. ಹಗಲಿರುಳೆನ್ನದೆ ಆ ಮಾರಿ ನಗರದ ಮೇಲೆ ಎರಗುತ್ತಿತ್ತು. ಆ ತಿಂಗಳ ಕೊನೆಯ ವಾರದಲ್ಲಿ ಅಂತಹ ಬಾಂಬೊಂದು ವೇರಾಳ ಮನೆಯ ಮೇಲೆ ಬಿದ್ದಿತು. ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದ ತಾಯಿ ಮತ್ತು ಇಬ್ಬರು ಮಕ್ಕಳೂ ಒಟ್ಟಿಗೆ ಮಡಿದರು. ವೇರಾಳಿಗೆ ಆಗ ಮೂವತ್ತೆಂಟು ವರ್ಷ. ಅವಳು ಗಳಿಸಿದ್ದ ಬಹುಮಾನಗಳೂ ಬರೆದಿಟ್ಟಿದ್ದ ಆಟಗಳ ದಾಖಲೆಗಳೂ ಮನೆಯೊಡನೆ ನಾಶವಾದವು. ಮಾಸ್ಕೋದ ಮನೆಯನ್ನು ಕ್ರಾಂತಿಯು ಕಿತ್ತುಕೊಂಡಿತ್ತು. ಲಂಡನ್ನಿನ ಮನೆಯನ್ನು ಯುದ್ಧವು ನುಂಗಿತು. ೧೯೨೭ರಿಂದ ಸಾಯುವ ದಿನದವರೆಗೂ ವಿಶ್ವಚಾಂಪಿಯನ್ ಪದವಿಯು ಮಾತ್ರ ಅವಳನ್ನು ಬಿಟ್ಟು ಹೋಗಿರಲಿಲ್ಲ. ಬರಿದಾದ ಆ ಸ್ಥಾನಕ್ಕೆ ಹೊಸಬರನ್ನು ಆರಿಸಲು ೧೯೪೯-೫೦ರಲ್ಲಿ ಮಾಸ್ಕೋದಲ್ಲಿ ಪಂದ್ಯಾವಳಿ ನಡೆಯಿತು. ಲ್ಯುದ್ಮಿಲಾ ರುದೆಂಕೊ ಎರಡನೆಯ ಮಹಿಳಾ ವಿಶ್ವಚಾಂಪಿಯನ್ ಆದಳು.

ವೇರಾ ತೆರೆದ ದಾರಿಯಲ್ಲಿ ಅನೇಕರು ನಡೆದರು. ಜಾರ್ಜಿಯಾದ ನೋನಾ ಗಪ್ರಿಂದಶ್ವಿಲಿ ೧೯೭೮ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದ ಮೊದಲ ಮಹಿಳೆಯಾದಳು. ಮಾರೊಟ್ಸಿಯ ನಾಡಾದ ಹಂಗೆರಿಯ ಜೂಡಿತ್ ಪೋಲ್ಗಾರ್ ಮಹಿಳೆಯರ ವಿಶ್ವ ಪದವಿಯ ಕಡೆಗೆ ತಿರುಗಿಯೂ ನೋಡದೆ, ವೇರಾಳಂತೆ ಬಲಶಾಲಿಗಳ ನಡುವೆಯೇ ಆಡಿ, ೨೦೦೫ರಲ್ಲಿ ಪುರುಷರೂ ಮಹಿಳೆಯರೂ ಸೇರಿದ ಜಗತ್ತಿನ ಪಟ್ಟಿಯಲ್ಲಿ ಎಂಟನೆಯವಳಾದಳು. ೨೦೦೨ರಲ್ಲಿ ಆಂಧ್ರಪ್ರದೇಶದ ಕೊನೇರು ಹಂಪಿ ಹದಿನೈದನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ ಭಾರತದ ಹೆಣ್ಣುಮಕ್ಕಳಿಗೆ ದಾರಿ ತೋರಿದಳು. ೧೯೫೭ರಲ್ಲಿ ಮಹಿಳೆಯರ ಒಲಿಂಪಿಯಾಡ್ ಆರಂಭವಾಯಿತು. ಅದರಲ್ಲಿ ಗೆದ್ದ ತಂಡಕ್ಕೆ ಕೊಡುವ ಬಟ್ಟಲಿಗೆ ವೇರಾ ಮೆಂಚಿಕಳ ಹೆಸರನ್ನೇ ಇಡಲಾಗಿದೆ. ೨೦೨೪ರಲ್ಲಿ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ ಮತ್ತು ತಾನಿಯಾ ಎಂಬ ಐವರು ಭಾರತೀಯ ಆಟಗಾರ್ತಿಯರು ಮೊದಲ ಬಾರಿಗೆ ಆ ಬಟ್ಟಲನ್ನು ನಮ್ಮ ದೇಶಕ್ಕೆ ಗೆದ್ದು ತಂದರು. ಚದುರಂಗವು ಹುಟ್ಟಿದ ನಾಡಿಗೆ ವೇರಾಳ ಹೆಸರು ಹೀಗೆ ಗೌರವದಿಂದ ಬಂದು ಸೇರಿತು.

ವೇರಾ ಮೆಂಚಿಕ್ ತನ್ನ ಕಾಲದ ಎಲ್ಲ ಪುರುಷರನ್ನೂ ಮೀರಿಸಿದ ಆಟಗಾರ್ತಿಯಲ್ಲ. ಅವರೊಡನೆ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋಲುವ ಭಯದಿಂದ ಅವಳು ದೊಡ್ಡ ಹಾಸಿನಿಂದ ಹಿಂದೆ ಸರಿದಿದ್ದರೆ, ಹೆಣ್ಣಿಗೆ ಅಲ್ಲಿ ಸ್ಥಾನವಿಲ್ಲವೆಂಬ ಮಾತು ಇನ್ನೆಷ್ಟೋ ಕಾಲ ನಿಲ್ಲುತ್ತಿತ್ತು. ಗೆಲುವು ಖಚಿತವಾದ ಕಡೆ ಮೆರೆಯುವುದು ಸುಲಭ. ತನಗಿಂತ ಹಿರಿದಾದುದರ ಎದುರು ಪ್ರತಿದಿನವೂ ಕುಳಿತು, ಬಿದ್ದಲ್ಲಿಂದ ಎದ್ದು, ಮತ್ತೊಂದು ಆಟಕ್ಕೆ ಕಾಯಿಗಳನ್ನು ಜೋಡಿಸಿಕೊಳ್ಳುವವರು ವಿರಳ. ವೇರಾ ಮೆಂಚಿಕ್ ಅಂತಹ ವಿರಳರಲ್ಲಿ ಒಬ್ಬಳು.